ಗೀತಮ್ಮನ ವ್ಯಾನು

ಆ ವ್ಯಾನು ಮದ್ದೂರಿಗೆ ಬಂದದ್ದು ಎಪ್ಪತ್ಮೂರರ ಜುಲೈಯಲ್ಲಿ, ಲಾರಿಯೊಂದರ ಹಿಂದೆ ಹಗ್ಗ ಕಟ್ಟಿಸಿಕೊಂಡು. ಗೆಜ್ಜಲಗೆರೆಯ ಹತ್ತಿರ ಅದರ ಗೇರ್‌ಬಾಕ್ಸು ಕೈಕೊಟ್ಟಿತ್ತು. ಒಳಗಿದ್ದವರು ಹಾಲೆಂಡಿನ ಗಂಡ ಹೆಂಡತಿ, ಯಾನ್ ಮತ್ತು ಗ್ರೀತ್. ಇಪ್ಪತ್ತು ವರ್ಷ ಹಳೆಯದಾದ ಆ ವ್ಯಾನಿನೊಳಗೇ ಮಂಚ, ಸ್ಟೋವು, ಸಣ್ಣ ಬೀರು, ಕಿಟಕಿಗೆ ಹೂವಿನ ಪರದೆ. ತಮ್ಮೂರಿನಿಂದ ಹೊರಟು ಹತ್ತು ತಿಂಗಳಾಗಿತ್ತು. ಕನ್ಯಾಕುಮಾರಿ ಮುಟ್ಟಿದರೆ ಅವರ ದಾರಿ ಮುಗಿಯುತ್ತಿತ್ತು.

ಹೆದ್ದಾರಿಯ ಪಕ್ಕ ರಿಪೇರಿ ಶೆಡ್ಡು ಇಟ್ಟಿದ್ದ ಪುಟ್ಟರಾಜು ಮಿಲಿಟರಿ ವರ್ಕ್‌ಶಾಪಿನಲ್ಲಿ ಏಳು ವರ್ಷ ಇದ್ದು ಬಂದವನು. ಹರಕುಮುರುಕು ಇಂಗ್ಲಿಷು ಬರುತ್ತಿತ್ತು. ಬೇಕಾದ ಸಾಮಾನು ಮದರಾಸಿನಿಂದ ಬರಬೇಕಾದ್ದರಿಂದ ವ್ಯಾನು ಅವನ ಶೆಡ್ಡಿನ ಹುಣಸೆಮರದ ಕೆಳಗೆ ನಿಂತಿತು. ಇಬ್ಬರೂ ಅದರಲ್ಲೇ ಉಳಿದರು. ಪುಟ್ಟರಾಜುವಿನ ಹೆಂಡತಿ ಬೆಟ್ಟಮ್ಮನಿಗೆ ಗ್ರೀತಳ ಒಂದು ಮಾತೂ ತಿಳಿಯುತ್ತಿರಲಿಲ್ಲ. ಆದರೂ ಮೂರನೇ ದಿನಕ್ಕೆ ಇಬ್ಬರೂ ಒಟ್ಟಿಗೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಬೆಟ್ಟಮ್ಮನ ಬಾಯಲ್ಲಿ ಗ್ರೀತ್ ಗೀತಮ್ಮನಾದಳು.

ಐದನೇ ದಿನ ಬೆಳಿಗ್ಗೆ, ಹತ್ತಿರದಲ್ಲಿ ಈಜುವಂಥ ಹೊಳೆ ಇದೆಯೇ ಎಂದು ಯಾನ್ ಕೇಳಿದ. ಅವನು ದಿನವಿಡೀ ಬೆನ್ನ ಹಿಂದೆ ನಿಂತು ಕೆಲಸ ನೋಡುವುದು ಪುಟ್ಟರಾಜುವಿಗೆ ಬೇಸರ ತರಿಸಿತ್ತು. ಮಳವಳ್ಳಿ ಬಸ್ಸು ಹಿಡಿದು ಶಿವನಸಮುದ್ರಕ್ಕೆ ಹೋಗಿ, ಈಗ ನೀರು ಕಡಿಮೆ, ಭಯವಿಲ್ಲ ಎಂದುಬಿಟ್ಟ. ಅವನು ಅಲ್ಲಿಗೆ ಹೋಗಿಯೇ ಹತ್ತು ವರ್ಷವಾಗಿತ್ತು. ಮದ್ದೂರಿನ ಶಿಂಷೆ ಬತ್ತಿದ್ದನ್ನು ಕಂಡು ಕಾವೇರಿಯೂ ಹಾಗೇ ಇರಬೇಕೆಂದುಕೊಂಡಿದ್ದ. ಅತ್ತ ಕೊಡಗಿನಲ್ಲಿ ಮಳೆ ಹಿಡಿದಿತ್ತು.

ಸಂಜೆ ಯಾನ್ ಒಬ್ಬನೇ ಪೊಲೀಸ್ ಜೀಪಿನಲ್ಲಿ ಬಂದ. ಗ್ರೀತಳ ದೇಹ ಎರಡು ದಿನದ ಮೇಲೆ ಸಿಕ್ಕಿತು. ಅಲ್ಲೇ ಹೊಳೆಯ ದಂಡೆಯ ಮೇಲೆ ಮಣ್ಣು ಮಾಡಿದರು. ಯಾನ್ ಮತ್ತೆ ವ್ಯಾನಿಗೆ ಕಾಲಿಡಲಿಲ್ಲ. ಬೀಗದ ಕೈ ಪುಟ್ಟರಾಜುವಿಗೆ ಕೊಟ್ಟು, ಇನ್ನು ಇದು ನಿನ್ನದು ಎಂದು ಹೇಳಿ ರೈಲು ಹತ್ತಿದ.

ಸಾಮಾನು ಬಂತು. ಪುಟ್ಟರಾಜು ವ್ಯಾನನ್ನು ಸರಿಮಾಡಿ ಬಾಗಿಲಿಗೆ ಚಿಲಕ ಹಾಕಿದ. ಮಾರನೆ ಬೆಳಿಗ್ಗೆ ಬಾಗಿಲು ತೆರೆದಿತ್ತು. ಚಿಲಕ ಬದಲಾಯಿಸಿದ. ಮತ್ತೆ ತೆರೆದಿತ್ತು. ಒಳಗೆ ತಲೆಹಾಕಿದರೆ ಅವಳು ಹಚ್ಚುತ್ತಿದ್ದ ಸೋಪಿನ ವಾಸನೆ, ಈಗಷ್ಟೇ ಸ್ನಾನ ಮುಗಿಸಿದಂತೆ. ಹೀಗೇ ಎರಡು ವರ್ಷ ಕಳೆಯಿತು.

"ದಿನಾ ಈ ವೊತ್ಗೆ ಮಖ ತೊಳ್ಯಕ್ಕೆ ಇಳೀತಿದ್ಲಲ್ಲ, ಇಳೀತಾವ್ಳೆ," ಎಂದಳು ಬೆಟ್ಟಮ್ಮ.

"ಸುಮ್ನಿರು. ಸತ್ತೋರು ಸತ್ರು."

"ನೀನ್ಯಾಕ್ ಎದರ್ಕತೀಯ? ನಿಂಗೇನ್ ಮಾಡವ್ಳೆ ಅವ್ಳು?"

ಪುಟ್ಟರಾಜು ಸ್ಪ್ಯಾನರು ಎತ್ತಿಕೊಂಡು ಶೆಡ್ಡಿನೊಳಕ್ಕೆ ಹೋದ. ಈಚೆಗೆ ಅವನು ಮರದ ಕಡೆ ಬೆನ್ನು ಮಾಡಿ ಕೂತೇ ಕೆಲಸ ಮಾಡುತ್ತಿದ್ದ. ಊಟ ಸೇರುತ್ತಿರಲಿಲ್ಲ. ಅದನ್ನು ನೋಡಿ ನೋಡಿ ಬೆಟ್ಟಮ್ಮ ಒಂದು ದಿನ ಹೇಳಿದಳು: "ಅರ್ಧ ದಾರೀಲಿ ಕುಂತವ್ಳೆ. ಅವ್ಳು ಓಗ್ಬೇಕು ಅಂದಿದ್ ಜಾಗಕ್ಕೆ ಕರ್ಕೊಂಡೋಗಿ ಬುಟ್ಬುಟ್ಟು ಬರನ, ನಡಿ."

ರೊಟ್ಟಿ, ಚಟ್ನಿಪುಡಿ, ನೀರಿನ ಕೊಡ ಇಟ್ಟುಕೊಂಡು ಇಬ್ಬರೂ ಹೊರಟರು. ಮಳವಳ್ಳಿ ದಾಟಿ ಕೊಳ್ಳೇಗಾಲದ ದಾರಿಯಲ್ಲಿ ಹೊಳೆಯ ಸೇತುವೆ ಬಂದಾಗ ಪುಟ್ಟರಾಜು ವ್ಯಾನು ನಿಲ್ಲಿಸಿದ.

"ನಾನೇ ಕಣೆ ಯೇಳ್ದೋನು. ನೀರು ಕಮ್ಮಿ ಅದೆ, ಓಗಿ ಅಂದೆ. ನೋಡಿರ್ನಿಲ್ಲ ನಾನು."

ಬೆಟ್ಟಮ್ಮ ನೀರನ್ನೇ ನೋಡುತ್ತಾ ಹೇಳಿದಳು.

"ನನ್ನೂ ಕರುದ್ಲು. ಕೈ ಇಡ್ಕಂಡು ಬಸ್‌ಸ್ಟ್ಯಾಂಡ್‌ಗಂಟ ಎಳ್ಕೊಂಡೋದ್ಲು. ಬಟ್ಟೆ ಒಗೀಬೇಕು ಅಂತ ಬುಡುಸ್ಕಂಡು ಬಂದೆ. ನಾನಿದ್ದಿದ್ರೆ ಇಳಿಯಕ್ಕೆ ಬುಡ್ತಿರ್ನಿಲ್ಲ."

ಹಿಂದೆ ಸ್ಟೋವಿನ ಮೇಲಿದ್ದ ತಗಡಿನ ಲೋಟ ಸಣ್ಣಗೆ ಅಲುಗಿ ಸದ್ದು ಮಾಡಿತು. ಎಂಜಿನ್ನು ಆರಿತ್ತು, ಗಾಳಿ ಇರಲಿಲ್ಲ. ಇಬ್ಬರೂ ತಿರುಗಿ ನೋಡಲಿಲ್ಲ. ಪುಟ್ಟರಾಜು ಗಾಡಿ ಚಾಲೂ ಮಾಡಿ ಸೇತುವೆ ದಾಟಿಸಿದ.

ಘಟ್ಟ ಇಳಿದು, ಮಧುರೆಯ ಮೇಲೆ ಹಾದು, ನಾಲ್ಕನೇ ದಿನ ಮಧ್ಯಾಹ್ನ ಕನ್ಯಾಕುಮಾರಿ ಮುಟ್ಟಿದರು. ಪುಟ್ಟರಾಜು ವ್ಯಾನನ್ನು ಸಮುದ್ರದ ಕಡೆ ತಿರುಗಿಸಿ ನಿಲ್ಲಿಸಿ ಬಾಗಿಲು ತೆರೆದ. "ಬಂತು ಕಣವ್ವ, ಇಳ್ಕೊ," ಎಂದಳು ಬೆಟ್ಟಮ್ಮ ಖಾಲಿ ಮಂಚದ ಕಡೆ ನೋಡಿ. ಮಂಚದ ಸ್ಪ್ರಿಂಗು ಒಮ್ಮೆ ಕಿರುಗುಟ್ಟಿತು. ಅಷ್ಟೇ. ಹೊತ್ತು ಇಳಿಯುವವರೆಗೂ ಮರಳಿನ ಮೇಲೆ ಕಾದರು.

ವಾಪಸು ಬರುವಾಗ, ಘಟ್ಟದ ಮೊದಲ ತಿರುವಿನಲ್ಲೇ, ಸೋಪಿನ ವಾಸನೆ ಮುಂದಿನ ಸೀಟಿನವರೆಗೂ ಬಂತು.

"ಇಳೀನಿಲ್ಲ ಅವ್ಳು," ಎಂದ ಪುಟ್ಟರಾಜು.

"ಇರ್ಲಿ ಬುಡು. ಎಲ್ಲಿಗ್ ಓದಾಳು? ನಮ್ ಬುಟ್ರೆ ಯಾರವ್ರೆ ಅವ್ಳಿಗೆ ಈ ಸೀಮೇಲಿ?"

ಊರು ಸೇರಿದ ವಾರಕ್ಕೆ ಪುಟ್ಟರಾಜು ಮಂಡ್ಯಕ್ಕೆ ಹೋಗಿ, ಹೈಸ್ಕೂಲಿನ ತಿರುನಾರಾಯಣ ಮೇಷ್ಟ್ರ ಕೈಯಲ್ಲಿ ಯಾನ್‌ಗೆ ಕಾಗದ ಬರೆಸಿದ. ವಿಳಾಸ ವ್ಯಾನಿನ ದಾಖಲೆ ಪುಸ್ತಕದಲ್ಲಿತ್ತು. "ನೀರು ಹೇಗಿದೆಯೆಂದು ತಿಳಿಯದೆ ಹೇಳಿದೆ. ತಪ್ಪು ನನ್ನದು," ಇಷ್ಟೇ ಒಕ್ಕಣೆ. ಮೇಷ್ಟ್ರು ಇನ್ನೂ ಎರಡು ಸಾಲು ಸಮಾಧಾನದ ಮಾತು ಸೇರಿಸಲೇ ಎಂದರು. ಬೇಡ ಎಂದ.

ಐದು ತಿಂಗಳ ಮೇಲೆ ಲಕೋಟೆ ಬಂತು. ಒಳಗೆ ಒಂದಕ್ಷರವೂ ಇರಲಿಲ್ಲ, ಆ ಐದನೇ ದಿನ ಬೆಳಿಗ್ಗೆ ಯಾನ್ ತೆಗೆದಿದ್ದ ಒಂದು ಫೋಟೋ ಮಾತ್ರ ಇತ್ತು. ವ್ಯಾನಿನ ಮೆಟ್ಟಿಲ ಮೇಲೆ ಬೆಟ್ಟಮ್ಮ, ಗ್ರೀತ್ ಭುಜಕ್ಕೆ ಭುಜ ತಾಗಿಸಿ ಕೂತು ನಗುತ್ತಿದ್ದಾರೆ. ಗ್ರೀತಳ ಹೆಗಲ ಮೇಲೆ ಟವೆಲ್ಲು. ಹಿಂದೆ ಸ್ವಲ್ಪ ಮಸುಕಾಗಿ ಪುಟ್ಟರಾಜು ನಿಂತಿದ್ದಾನೆ, ಎಣ್ಣೆಮಸಿಯ ಕೈಯನ್ನು ಉದ್ದಕ್ಕೆ ಚಾಚಿ ಮಳವಳ್ಳಿ ದಾರಿ ತೋರಿಸುತ್ತಾ.

ಕಳಿಸಿದವನ ಮನಸ್ಸಿನಲ್ಲಿ ಇದ್ದದ್ದು ಕ್ಷಮೆಯೋ ಬೇರೆಯೋ, ಪುಟ್ಟರಾಜುವಿಗೆ ಕೊನೆಯವರೆಗೂ ತಿಳಿಯಲಿಲ್ಲ. ಬೆಟ್ಟಮ್ಮ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹಾಕಿದಳು. ಅವನು ತೆಗೆ ಎನ್ನಲಿಲ್ಲ. ದಿನಾ ಅದರ ಎದುರಿಗೇ ಕೂತು ಉಂಡ.