ಒಂಬತ್ತನೇ ಗುಂಡಿಯ ಒನ್ಸ್ ಮೋರ್

ಪುಟ್ಟಸ್ವಾಮಿಗೆ ಗಾಲ್ಫ್ ಕಲಿಸಿದ್ದು ಒಬ್ಬ ಹಾರ್ಮೋನಿಯಂ ಮೇಷ್ಟ್ರು ಅಂದರೆ ಹಾಸನದ ಕ್ಲಬ್ಬಿನವರು ಈಗಲೂ ನಗುತ್ತಾರೆ. ನಗಲಿ ಬಿಡಿ, ಅವರಿಗೇನು ಗೊತ್ತು!

ಮೇಷ್ಟ್ರು ಅಂದರೆ ಚನ್ನರಾಯಪಟ್ಟಣದ ಬಸವರಾಜು. ತೆಂಗಿನಕಾಯಿ ಮಂಡಿ ಅವನ ಹೊಟ್ಟೆಪಾಡು, ಪೌರಾಣಿಕ ನಾಟಕ ಕಲಿಸುವುದು ಅವನ ಹುಚ್ಚು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿದ್ದ ಪುಟ್ಟಸ್ವಾಮಿ ಇಪ್ಪತ್ತು ವರ್ಷ ಅವನ ಹಾರ್ಮೋನಿಯಮ್ಮಿಗೆ ಗದೆ ಬೀಸಿದವನು. ಭಾನುವಾರ ಮಧ್ಯಾಹ್ನ ಮಂಡಿಯಲ್ಲೇ, ಕಾಯಿ ರಾಶಿಯ ಪಕ್ಕದಲ್ಲಿ, ತಾಲೀಮು. ಹಸಿ ಸಿಪ್ಪೆಯ ವಾಸನೆ, ಬಸವರಾಜುವಿನ ಹೆಂಡತಿ ಗಂಗಾಂಬಿಕೆ ಕಳಿಸುತ್ತಿದ್ದ ಖಾರದ ಮಂಡಕ್ಕಿ. ಗದೆ ಎತ್ತುವುದಕ್ಕೆ ಮೂರು ಎಣಿಕೆ, ಇಳಿಸುವುದಕ್ಕೆ ಒಂದು. ತಪ್ಪಿತೋ, ಮೇಷ್ಟ್ರು ಹಾರ್ಮೋನಿಯಮ್ಮಿನ ತಿದಿ ನಿಲ್ಲಿಸಿ ಕೆಕ್ಕರಿಸಿ ನೋಡುತ್ತಿದ್ದ.

ಹೊಳೆನರಸೀಪುರವಾಗಲಿ ಅರಕಲಗೂಡಾಗಲಿ, ಪುಟ್ಟಸ್ವಾಮಿ ಪದ ಮುಗಿಸಿ ಗದೆ ಹೆಗಲಿಗಿಟ್ಟರೆ ಜನ ಒನ್ಸ್ ಮೋರ್ ಕೂಗದೆ ಬಿಡುತ್ತಿರಲಿಲ್ಲ. ಕೂಗಿದ ಮೇಲೆ ಹಾಡಲೇಬೇಕು, ಗಂಟಲು ಹರಿದರೂ ಸರಿಯೇ. ಒಮ್ಮೆ ರಾಮನಾಥಪುರದಲ್ಲಿ ಮೈ ಕೆಂಡದಂತೆ ಸುಡುತ್ತಿತ್ತು. ಅವನು ಪರದೆಯ ಹಿಂದೆ ಸರಿದದ್ದೇ ತಡ, ಬಸವರಾಜು ಎದ್ದು ಬಂದು ರಟ್ಟೆ ಹಿಡಿದು ಮತ್ತೆ ರಂಗಕ್ಕೆ ಎಳೆದುಕೊಂಡು ಹೋಗಿದ್ದ.

"ಕೇಳ್ದೋರ್ಗೆ ಇಲ್ಲ ಅನ್ಬಾರ್ದು ಕಣ್ಲಾ. ಮುಂದೆ ಕೇಳೋರೇ ಇರಕಿಲ್ಲ."

ಎಂಥಾ ದಿನಗಳು ಅವು! ಅವನ್ನು ನೆನೆದರೆ ಪುಟ್ಟಸ್ವಾಮಿಗೆ ಈಗಲೂ ಎದೆ ತುಂಬಿ ಬರುತ್ತದೆ.

ನಿವೃತ್ತಿಯಾದ ಮೇಲೆ ಅವನು ಗಾಲ್ಫ್ ಹಿಡಿದ. ಕೋಚ್ ಹೇಳುವ ಮೊಣಕೈ, ಸೊಂಟ, ಭುಜದ ಲೆಕ್ಕಾಚಾರ ಒಂದೂ ತಲೆಗೆ ಹತ್ತಲಿಲ್ಲ. ಚೆಂಡು ಪೊದೆಗೆ ಹೋಗುತ್ತಿತ್ತು, ಕಿತ್ತ ಹುಲ್ಲು ಆಕಾಶಕ್ಕೆ. ನೋಡಲು ಬಂದಿದ್ದ ಬಸವರಾಜು ಬಿದ್ದು ಬಿದ್ದು ನಕ್ಕ.

"ಅಯ್ಯೋ ನಿನ್ನ! ಸೌದೆ ಒಡೀತಿದ್ದೀಯೇನ್ಲಾ? ಗದೆ ಅನ್ಕೊ. ಮೂರ್ಕೆ ಎತ್ತು, ಒಂದ್ಕೆ ಇಳ್ಸು."

ಹಾಗೆ ಹೇಳಿ ಗುನುಗತೊಡಗಿದ. ದೂರದ ಹೊಡೆತಕ್ಕೆ ಮೋಹನ ರಾಗ. ಗುಂಡಿಯ ಹತ್ತಿರ ಮೆಲ್ಲಗೆ ತಟ್ಟುವುದಕ್ಕೆ ನೀಲಾಂಬರಿ, ಮಗು ಮಲಗಿಸುವ ಹಾಗೆ. ಎದುರುಗಾಳಿ ಬೀಸಿದ ದಿನ ಅಲ್ಲೇ ನಿಂತು ಹೊಸ ಮಟ್ಟು ಕಟ್ಟುತ್ತಿದ್ದ. ತಿಂಗಳೊಪ್ಪತ್ತಿನಲ್ಲಿ ಕೋಲು ಪುಟ್ಟಸ್ವಾಮಿಯ ಮಾತು ಕೇಳಿತು. ಕ್ಲಬ್ಬಿನ ಕಪ್ಪಿಗೆ ಮೂರು ವರ್ಷ ಸತತವಾಗಿ ಎರಡನೆಯವನಾದ.

ಆಮೇಲೆ ಬಸವರಾಜುವಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತುಹೋಯಿತು. ಗಂಗಾಂಬಿಕೆ ಹಾರ್ಮೋನಿಯಮ್ಮಿಗೆ ಬಟ್ಟೆ ಹೊದಿಸಿಟ್ಟಳು. ಮಾತು ಬಂದರೂ ಬರಬಹುದು ಅಂದರು ಡಾಕ್ಟರು. ಪುಟ್ಟಸ್ವಾಮಿ ಎಂಟು ತಿಂಗಳು ವಾರವಾರ ಹೋಗಿ ಪಕ್ಕದಲ್ಲಿ ಕೂತು ಹಳೇ ಪದಗಳನ್ನೆಲ್ಲ ಹಾಡಿದ. ಬಸವರಾಜು ಗೋಡೆ ನೋಡುತ್ತಿದ್ದ. ಒಂದೇ ಒಂದು ಮಾತಾಡಲಿ, ಬೈದರೂ ಪರವಾಗಿಲ್ಲ ಎಂದು ಪುಟ್ಟಸ್ವಾಮಿ ಕಂಡ ದೇವರಿಗೆಲ್ಲ ಕೈಮುಗಿದ.

ಈ ಸಲದ ಕಪ್ಪಿನ ದಿನ ಬೆಳಿಗ್ಗೆಯೇ ಚನ್ನರಾಯಪಟ್ಟಣಕ್ಕೆ ಕಾರು ಬಿಟ್ಟ.

"ಇವತ್ತೊಂದಿನ ನನ್ ಜತೇಲಿ ಕಳ್ಸು ತಾಯಿ," ಅಂದ.

"ಕರ್ಕೊಂಡ್ ಓಗಣ್ಣ," ಅಂದಳು ಗಂಗಾಂಬಿಕೆ. "ಗೋಡೆ ನೋಡೋ ಬದ್ಲು ಉಲ್ಲಾದ್ರೂ ನೋಡ್ಲಿ."

ಬ್ಯಾಟರಿ ಗಾಡಿಯಲ್ಲಿ ಕೂರಿಸಿಕೊಂಡು ಆಟ ಶುರುಮಾಡಿದ. ಎಂಟು ಗುಂಡಿ ಮುಗಿದರೂ ಬಸವರಾಜು ತುಟಿ ಬಿಚ್ಚಲಿಲ್ಲ. ಕೊನೆಯ ಒಂಬತ್ತನೆಯದಕ್ಕೆ ಬಂದಾಗ ಪುಟ್ಟಸ್ವಾಮಿ, ಜೊತೆಗೆ ಆಡುತ್ತಿದ್ದ ವಕೀಲ ಮನೋಹರ, ಇಬ್ಬರೂ ಸಮಸಮ. ಕಡಿಮೆ ಹೊಡೆತದಲ್ಲಿ ಮುಗಿಸಿದವನಿಗೆ ಕಪ್ಪು. ನಡುವೆ ಕೆರೆ, ಆಚೆ ದಡದಲ್ಲಿ ಬಾವುಟ. ಮನೋಹರನ ಚೆಂಡು ಕೆರೆ ದಾಟಿ ಬಾವುಟದಿಂದ ದೂರ ಬಿತ್ತು. ಪುಟ್ಟಸ್ವಾಮಿ ಒಳಗೊಳಗೇ ಮೋಹನ ಗುನುಗುತ್ತ ಮೂರಕ್ಕೆ ಎತ್ತಿದ, ಒಂದಕ್ಕೆ ಇಳಿಸಿದ. ಆಹಾ! ಚೆಂಡು ನೀರಿನ ಮೇಲೆ ತೇಲಿಹೋಗಿ ಗುಂಡಿಯಿಂದ ಒಂದು ಗೇಣಿನಲ್ಲಿ ನಿಂತಿತು. ಇನ್ನೊಂದು ಸಲ ತಟ್ಟಿದರೆ ಕಪ್ಪು ಅವನದು.

"ಒ... ಒನ್ಸ್... ಮೋರ್!"

ಪುಟ್ಟಸ್ವಾಮಿ ಬೆಚ್ಚಿ ತಿರುಗಿದ. ಬಸವರಾಜುವಿನ ಸೊಟ್ಟ ಬಾಯಿ ಅದುರುತ್ತಿತ್ತು. ಎಡಗೈ ಸೀಟಿನ ಮೇಲೆ ತಾಳ ತಟ್ಟುತ್ತಿತ್ತು, ಮೂರು ಮತ್ತು ಒಂದು. ಕಣ್ಣು ನೆಟ್ಟಗೆ ಪುಟ್ಟಸ್ವಾಮಿಯನ್ನೇ ನೋಡುತ್ತಿತ್ತು.

ಪುಟ್ಟಸ್ವಾಮಿ ಜೇಬಿನಿಂದ ಇನ್ನೊಂದು ಚೆಂಡು ತೆಗೆದು ಹುಲ್ಲಿನ ಮೇಲಿಟ್ಟ.

"ಬೇಡಿ ಸಾರ್!" ಮನೋಹರ ಗಾಬರಿಯಿಂದ ಅಡ್ಡ ಬಂದ. "ಬೇರೆ ಚೆಂಡು ಹೊಡೆದ್ರೆ ಪೆನಾಲ್ಟಿ, ಎರಡು ಹೊಡೆತ ಜಾಸ್ತಿ ಲೆಕ್ಕ ಹಾಕ್ತಾರೆ. ಕಪ್ ಹೋಗುತ್ತೆ."

"ಓಗ್ಲಿ ಬಿಡಿ ಸಾ. ಕೇಳವ್ನೆ. ಇಲ್ಲ ಅನ್ನಕಾಗಲ್ಲ."

ಗದೆಯ ಪದವನ್ನು ಈಗ ಬಾಯಿಬಿಟ್ಟೇ ಹಾಡುತ್ತ ಕೋಲು ಎತ್ತಿದ. ಕಣ್ಣು ಮಂಜಾಗಿತ್ತು. ಚೆಂಡು ದಬಕ್ಕನೆ ಕೆರೆಗೆ ಬಿತ್ತು. ಥೂ, ಇಪ್ಪತ್ತು ವರ್ಷದ ತಾಲೀಮಿನ ಮಾನ ತೆಗೆದ ಹೊಡೆತ!

ಗಾಡಿಯಲ್ಲಿ ಬಸವರಾಜು ಹೊಟ್ಟೆ ಕುಣಿಸಿಕೊಂಡು ನಕ್ಕ. ಆಮೇಲೆ, ಮೊದಲಿಗಿಂತ ಚೊಕ್ಕವಾಗಿ, "ಒನ್ಸ್ ಮೋರ್ ಕಣ್ಲಾ!" ಅಂದ.

ಪುಟ್ಟಸ್ವಾಮಿ ಜೇಬು ತಡಕಿದ. ಖಾಲಿ. ಮನೋಹರ ತನ್ನ ಜೇಬಿಗೆ ಕೈಹಾಕಿ ಒಂದು ಚೆಂಡು ತೆಗೆದ. ಅದನ್ನು ಪುಟ್ಟಸ್ವಾಮಿಯ ಕಾಲ ಬಳಿ ಇಟ್ಟು, ಹಿಂದೆ ಸರಿದು ನಿಂತ.