ಸ್ಟಾಪರ್ ಹೆಗ್ಡೆ

“ಹೆಗ್ಡೆ ಆದವ ಗಟಾರಕ್ಕೆ ಕೈ ಹಾಕ್ತಾನೇನಾ, ಬೇವರ್ಸಿ? ನಿಂಗೆ ಬುದ್ಧಿ ಉಂಟಾ?”

ಜನಾರ್ದನಣ್ಣ ಬೈಯುತ್ತಿದ್ದದ್ದು ಸೂರತ್ತಿನ ಕತಾರ್‌ಗಾಮಿನಲ್ಲಿ, ಮಗನ್‌ಭಾಯಿ ಶೇಠನ ವಜ್ರದ ಕಾರ್ಖಾನೆಯ ಮೆಟ್ಟಿಲ ಮೇಲೆ. ಒಳಗೆ ಸಾಣೆಯ ಚಕ್ರಗಳು ಗುಂಯ್ ಎನ್ನುತ್ತಿದ್ದುದರಿಂದ ಕೂಗಿಯೇ ಬೈಯಬೇಕಿತ್ತು. ಹತ್ತಿ ಇಳಿಯುವವರೆಲ್ಲ ನಿಂತು ನೋಡಿದರು. ಭಾಷೆ ತಿಳಿಯದಿದ್ದರೂ ಬೈಗುಳ ಯಾರಿಗಾದರೂ ತಿಳಿಯುತ್ತದೆ.

“ಕೈ ತಾನ ಹೋತ್ರೀ ಅಣ್ಣಾರ.”

“ಹೋಯ್ತಂತೆ! ಬೋಳಿಮಗನೆ, ನಿನ್ನ ಕಾಲು ನೋಡಿ ಕರ್ಕೊಂಡು ಬಂದದ್ದು ನಾನು. ಕೈ ಯಾರು ಕೇಳಿದ್ರು?”

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಈಚೆಗೆ ನನಗೆ ಏನೂ ಬರುವುದಿಲ್ಲ. ಆಟಗಾರರ ವರ್ಗಾವಣೆಯ ಗಡುವು ಅವತ್ತು ಸಂಜೆಗೆ ಮುಗಿಯುವುದಿತ್ತು. ಅಷ್ಟರೊಳಗೆ ಶೇಠನ ಫುಟ್‌ಬಾಲ್ ತಂಡಕ್ಕೆ ನನ್ನ ಹೆಸರು ಸೇರದಿದ್ದರೆ ಈ ಸೀಸನ್ನಿಗೆ ನನಗೆ ಎಲ್ಲೂ ಆಟವಿಲ್ಲ. ನಾನು ಗೋಲಿನ ಮುಂದೆ ನಿಂತು ತಡೆಯುವ ಸ್ಟಾಪರ್. ಮೂವತ್ತರ ಹತ್ತಿರ ಬಂದ ಸ್ಟಾಪರನಿಗೆ ಒಂದು ಸೀಸನ್ ತಪ್ಪಿದರೆ ಆಟವೇ ತಪ್ಪಿದಂತೆ.

ಜನಾರ್ದನಣ್ಣ ಕುಂದಾಪುರದ ಕಡೆಯವನು. ಅಹಮದಾಬಾದಿನ ಮಣಿನಗರದಲ್ಲಿ ಮಾವನ ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಿದ್ದ. ಸಂಜೆ ಹೊತ್ತು ಫುಟ್‌ಬಾಲ್ ಆಡುತ್ತಿದ್ದ ಹೋಟೆಲಿನ ಸಪ್ಲೈಯರನೊಬ್ಬನನ್ನು ಯಾವುದೋ ಕಂಪನಿಯ ತಂಡದವರು ಕೇಳಿದರು. ಇವನು ಚೌಕಾಸಿ ಮಾಡಿ ಕೊಟ್ಟ. ದೋಸೆಗಿಂತ ಹುಡುಗರಲ್ಲಿ ಲಾಭ ಹೆಚ್ಚೆಂದು ಆವತ್ತು ಅವನಿಗೆ ಹೊಳೆಯಿತು. ಗಲ್ಲಾ ಬಿಟ್ಟ, ಕಪ್ಪು ಕನ್ನಡಕ ಹಾಕಿದ, ಏಜೆಂಟ್ ಆದ. ಗದಗಿನ ಒಂದು ಟೂರ್ನಮೆಂಟಿನಲ್ಲಿ ನನ್ನ ಮೀನಖಂಡ ಹಿಸುಕಿ ನೋಡಿ ರೈಲು ಹತ್ತಿಸಿದ. ಮೊದಲು ವಡೋದರಾದಲ್ಲಿ ಕೊಯಾಲಿ ಹತ್ತಿರದ ಒಂದು ತಂಡಕ್ಕೆ ಕೊಟ್ಟ. ಆಮೇಲೆ ಅಹಮದಾಬಾದಿಗೆ ಬಾಡಿಗೆಗೆ ಬಿಟ್ಟ. ಈಗ ಸೂರತ್ತು. “ಕಾಲು ನಿನ್ನದು, ಬಾಯಿ ನನ್ನದು” ಎನ್ನುವುದು ಅವನ ಕಟ್ಟಳೆ.

ಇಲ್ಲಿ ಹೆಸರು ಹೇಳಿದರೆ ಸಾಲದು, ಅಡ್ಡಹೆಸರು ಹೇಳಬೇಕು. ಅದನ್ನು ಕೇಳದೆ ಯಾರೂ ಮನೆ ಕೊಡುವುದಿಲ್ಲ. ನಾನು ಚಂದ್ರಕಾಂತ ಎಚ್. ಎಚ್ ಅಂದರೆ ನಮ್ಮಪ್ಪ ಹುಲಿಗೆಪ್ಪ. ಶೇಠನ ತಂಡ ಉಳಿದುಕೊಂಡಿದ್ದ ಫ್ಲ್ಯಾಟಿನ ಸೊಸೈಟಿ ಸೆಕ್ರೆಟರಿ ಕೇಳಿದಾಗ ಜನಾರ್ದನಣ್ಣ ಕಣ್ಣು ಮಿಟುಕಿಸದೆ “ಹೆಗ್ಡೆ” ಎಂದ. ಜೆರ್ಸಿಯ ಬೆನ್ನ ಮೇಲೂ ಅದನ್ನೇ ಅಚ್ಚು ಹಾಕಿಸಿದ. ಬೆನ್ನ ಮೇಲಿನದು ನನಗೆ ಕಾಣುತ್ತಿರಲಿಲ್ಲ, ಸುಮ್ಮನೆ ತೊಟ್ಟುಕೊಂಡೆ.

ನಮ್ಮವ್ವ ಬೆಟಗೇರಿಯಲ್ಲಿ ಪೌರಕಾರ್ಮಿಕಳು. ಅಪ್ಪ ಒಳಚರಂಡಿಗೆ ಇಳಿಯುತ್ತಿದ್ದ, ಒಮ್ಮೆ ಇಳಿದವನು ಮೇಲೆ ಬರಲಿಲ್ಲ. ಶಾಲೆ ಬಿಟ್ಟ ಮೇಲೆ ನಾನೂ ಅವ್ವನ ಹಿಂದೆ ಗಟಾರ ಚುಚ್ಚುವ ಬಿದಿರ ಸೀಳು ಹಿಡಿದು ಓಣಿ ಓಣಿ ತಿರುಗಿದವನೇ. ಫುಟ್‌ಬಾಲ್ ಆಡುತ್ತೇನೆ ಎಂದಾಗ ಅವಳು ಕೇಳಿದ್ದು ಒಂದೇ ಮಾತು.

“ಖರೇನ ಕೈ ಹಚ್ಚಂಗಿಲ್ಲೇನೋ ಈ ಆಟದಾಗ?”

“ಹಚ್ಚಂಗಿಲ್ಲಬೇ. ಹಚ್ಚಿದ್ರ ತಪ್ಪು.”

“ಹಂಗಾರ ಇದನ್ನ ಆಡು. ಸತ್ರೂ ಬಿಡಬ್ಯಾಡ.”

ಹಿಂದಿನ ಭಾನುವಾರ ಫ್ಲ್ಯಾಟಿನ ಬಚ್ಚಲು ಕಟ್ಟಿಕೊಂಡಿತು. ಕರಿನೀರು ಹಾಲಿಗೆ ನುಗ್ಗಿತು. ಹುಡುಗರೆಲ್ಲ ಮಂಚ ಹತ್ತಿ ನಿಂತು ವಾಚ್‌ಮನ್‌ನನ್ನು ಕೂಗತೊಡಗಿದರು. ನಾನು ಅಂಗಿ ಬಿಚ್ಚಿ, ಜಾಲರಿ ಎತ್ತಿ, ಭುಜದ ತನಕ ಕೈ ಇಳಿಸಿದೆ. ಕೂದಲು, ಗುಟ್ಕಾ ಪಾಕೀಟು, ಯಾರದೋ ಸಾಕ್ಸು. ಎಳೆದು ಹಾಕಿ ಅಂಗೈಯಿಂದ ಒತ್ತಿ ಒತ್ತಿ ಬಿಟ್ಟೆ. ನೀರು ಗಟಗಟ ಇಳಿಯಿತು. ಬಹಳ ದಿನದ ಮೇಲೆ ಖುಷಿಯಾಗಿ ಮುಖ ಎತ್ತಿದೆ. ಮಂಚದಿಂದ ಯಾರೂ ಇಳಿದಿರಲಿಲ್ಲ.

ಗೋಲ್‌ಕೀಪರ್ ವಿನಯ್ ಮೈಸೂರಿನ ಬ್ಯಾಂಕ್ ಆಫೀಸರರ ಮಗ, ವಡೋದರಾದಲ್ಲೇ ಬೆಳೆದವನು. ಅಲ್ಲಿದ್ದವರಲ್ಲಿ ಹೆಗ್ಡೆ ಅಂದರೆ ಯಾರೆಂದು ಗೊತ್ತಿದ್ದದ್ದು ಅವನೊಬ್ಬನಿಗೆ.

“ಅರೆ ಚಂದೂ, ನೀನು ಹೆಗ್ಡೆ ಅಲ್ವಾ ಯಾರ್? ಹೆಗ್ಡೆ ಲೋಗ್ ಇದೆಲ್ಲಾ ಮಾಡಲ್ಲ ನಾ?”

ನಗುತ್ತಲೇ ಕೇಳಿದ. ಕೇಡು ಬಯಸುವವನಲ್ಲ. ಸಂಜೆ ಊಟಕ್ಕೆ ಹೋದಾಗ ನನ್ನ ತಟ್ಟೆ ಅಡುಗೆಮನೆಯ ಬಾಗಿಲ ಹೊರಗೆ ನೆಲದ ಮೇಲಿತ್ತು. ಹಸಿವಾಗಿತ್ತು, ಕೂತು ಉಂಡೆ.

ಮಗನ್‌ಭಾಯಿಯ ಆಫೀಸಿನಲ್ಲಿ, ಮೆಟ್ಟಿಲ ಮೇಲಿನ ಬೈಗುಳ ಮುಗಿಸಿ ನಾವು ಒಳಗೆ ಹೋದಾಗ, ಎ.ಸಿ. ಜೋರಾಗಿತ್ತು. ಅವನು ನನ್ನ ಮುಖ ನೋಡಲಿಲ್ಲ. “ಮಾಲ್ ಸಾರೋ ಛೇ” ಎಂದ. ಮಾಲು ಒಳ್ಳೆಯದೇ, ಆದರೆ ನೀನು ಹೇಳಿದ ಮಾಲಲ್ಲ, ಸೊಸೈಟಿಯವರು ಬೊಬ್ಬೆ ಹಾಕುತ್ತಿದ್ದಾರೆ ಎಂದ. ಇಷ್ಟು ದಿನ ಇಲ್ಲಿದ್ದು ನನಗೂ ಗುಜರಾತಿ ಬರುತ್ತದೆ. ನನಗೆ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

ಜನಾರ್ದನಣ್ಣ ಕುರ್ಚಿ ಮುಂದಕ್ಕೆ ಎಳೆದುಕೊಂಡ. ಅವನ ಬಾಯಿಗೆ ಅವನೇ ಸಾಟಿ. ಹುಡುಗ ಸೊಸೈಟಿಯಲ್ಲಿ ಬೇಡ ಶೇಠ್, ಮೈದಾನದ ಗ್ಯಾಲರಿ ಕೆಳಗೆ ಮಲಗಲಿ. ತಟ್ಟೆ ಲೋಟ ಬೇರೆ ಇಡಿ. ಬೆಳಿಗ್ಗೆ ಆಡುತ್ತಾನೆ, ಮಧ್ಯಾಹ್ನ ಮೈದಾನದ ಪಾಯಿಖಾನೆ ತೊಳೆಯುತ್ತಾನೆ, ನಿಮ್ಮ ಗಟಾರವನ್ನೂ ನೋಡಿಕೊಳ್ಳುತ್ತಾನೆ. ಆಳು ಒಂದು, ಕೆಲಸ ಎರಡು. ಯಾವ ಏಜೆಂಟ್ ಕೊಡ್ತಾನೆ ಹೇಳಿ?

ಶೇಠ್ ಹೊಟ್ಟೆ ಕುಲುಕಿಸಿ ನಕ್ಕು ಚಹಾ ತರಿಸಿದ. ಇಬ್ಬರೂ ಕುಡಿದರು. ಅವ್ವನಿಗೆ ಫೋನು ಮಾಡಿ ಏನು ಹೇಳಲಿ ಎಂದು ಯೋಚಿಸಿದೆ. ಆಟ ಸಿಕ್ಕಿತು, ಪಾಯಿಖಾನೆಯೂ ಸಿಕ್ಕಿತು ಎನ್ನಲೇ?

“ಆಯ್ತು ಮಾರಾಯ, ಬಚಾವ್ ಮಾಡಿದೆ ನಿನ್ನನ್ನು,” ಜನಾರ್ದನಣ್ಣ ಕನ್ನಡಕ್ಕೆ ತಿರುಗಿದ. “ಇನ್ನು ಬಾಯಿ ಮುಚ್ಚಿಕೊಂಡು ಇರುದು. ಫೋನ್ ತೆಗಿ.”

ವರ್ಗಾವಣೆಗೆ ಆಟಗಾರನ ಒಪ್ಪಿಗೆ ಬೇಕು. ಅವನ ಫೋನಿಗೆ ಓಟಿಪಿ ಬರುತ್ತದೆ, ಅದನ್ನು ಹೇಳಿದರೆ ಮುಗಿಯಿತು. ಹಿಂದಿನ ಸಲವೆಲ್ಲ ಜನಾರ್ದನಣ್ಣ ಕೇಳಿದ್ದ, ನಾನು ಹೇಳಿದ್ದೆ. ಶೇಠನ ಗುಮಾಸ್ತ ಕಂಪ್ಯೂಟರಿನ ಗುಂಡಿ ಒತ್ತಿದ. ಫೋನು ನನ್ನ ಅಂಗೈಯಲ್ಲಿ ನಡುಗಿತು.

“ಹೇಳು.”

ಓದಿಕೊಂಡೆ.

“ಎಂತ, ಬರ್ಲಿಲ್ವಾ?”

“ಬಂದೈತ್ರಿ.”

“ಮತ್ತೆ ಹೇಳು, ಟೈಮಿಲ್ಲ!”

“ಹೇಳಂಗಿಲ್ರಿ.”

“ಸೂಳೆಮಗನೆ, ಇದು ಬಿಟ್ರೆ ಎಲ್ಲಿ ಆಡ್ತಿ? ನಾಯಿ ಸಹ ಕೇಳುದಿಲ್ಲ ನಿನ್ನನ್ನು. ಕೊಡು ಇಲ್ಲಿ!”

ಎದ್ದು ಬಂದು ಕೈ ಚಾಚಿದ. ನಾನು ಪ್ಯಾಂಟಿನ ಲಾಡಿ ಸಡಿಲಿಸಿ ಫೋನನ್ನು ಒಳಚಡ್ಡಿಯೊಳಗೆ ತುರುಕಿಕೊಂಡೆ. ಕಾಲು ಅಗಲಿಸಿ ನಿಂತೆ.

“ಇಲ್ಲೈತ್ರಿ. ಕೈ ಹಾಕ್ರಿ.”

ಚಾಚಿದ ಕೈ ಅರ್ಧಕ್ಕೇ ನಿಂತಿತು. ಏನಂತೆ, ಏನಂತೆ ಎಂದು ಶೇಠ್ ಕೇಳುತ್ತಿದ್ದ. ಜನಾರ್ದನಣ್ಣನ ಬಾಯಿಂದ ಗುಜರಾತಿಯೂ ಹೊರಡಲಿಲ್ಲ, ಕನ್ನಡವೂ ಹೊರಡಲಿಲ್ಲ.

“ಚಂದ್ರಾ...” ಎಂದ ಕೊನೆಗೆ, ಮೆತ್ತಗೆ. “ತಮ್ಮಾ, ಹೀಗೆ ಮಾಡಬೇಡ ಮಾರಾಯ.”

ಗುಮಾಸ್ತ ಮತ್ತೆ ಗುಂಡಿ ಒತ್ತಿದ. ಫೋನು ತೊಡೆಸಂದಿಯಲ್ಲಿ ನಡುಗಿತು. ಮತ್ತೊಮ್ಮೆ ಒತ್ತಿದ. ಮತ್ತೆ ನಡುಗಿತು. ಎ.ಸಿ.ಗೆ ಕಾಲು ಜೋಮು ಹಿಡಿಯುತ್ತಿತ್ತು. ಗಡುವು ಮುಗಿಯಲಿ ಎಂದು ನಾನು ಅಲ್ಲೇ ನಿಂತಿದ್ದೆ.