ಅಂಗೈಗೆ ಬಂದ ಸೀಮೆ ಇಲಿ

ಯುದ್ಧ ಮುಗಿದ ಮರುವರ್ಷ. ನನ್ನ ತಮ್ಮ ಗೋಪಾಲಪ್ಪ ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ಪ್ರಾಣಿಗಳಿಗೆ ಮೇವು ಹಾಕುವ ಕೆಲಸದಲ್ಲಿದ್ದ. ಅಲ್ಲಿ ಹೆಚ್ಚಾದ ನಾಲ್ಕು ಹ್ಯಾಮ್‌ಸ್ಟರ್ ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಆವತಿಗೆ, ನಮ್ಮ ಮನೆಗೆ ಬಂದ. ಜೇನಿನ ಬಣ್ಣ, ತುಂಡು ಬಾಲ. ನಾವು ಸೀಮೆ ಇಲಿ ಎಂದೆವು.

"ಒಂದನ್ನ ಸಪ್ಪಲಮ್ಮ ಇಟ್ಕೊಳ್ಳಲಿ ಅಕ್ಕಾ. ಮಿಕ್ಕಿದ್ದಕ್ಕೆ ದೇವನಹಳ್ಳೀಲಿ ಕೇಳೋರಿದಾರೆ."

ಊರದೇವತೆಯ ಹೆಸರು ಹೊತ್ತ, ಎಂಟು ವರ್ಷದ ನನ್ನ ಮಗಳು ಆಗಲೇ ಬುಟ್ಟಿಯ ಮೇಲೆ ಬಗ್ಗಿದ್ದಳು. ಆದರೆ ಮನೆಗೆ ಹಿರಿಯರು ನಮ್ಮ ಮಾವ. "ಕಚ್ಚೋ ಪ್ರಾಣಿ ಮನೇಲಿ ಬ್ಯಾಡ. ತತ್ತಾ, ನಾನೇ ಆರಿಸ್ತೀನಿ," ಅಂದರು. ಊರವರಿಗೆಲ್ಲ ಎತ್ತು ಆರಿಸಿಕೊಡುವವರು ಅವರು.

ನಿದ್ದೆಯಲ್ಲಿದ್ದ ದಪ್ಪನೆಯದನ್ನು ಎತ್ತಿ, ಬೆನ್ನಿನ ಸುಳಿ ನೋಡಿ, ವಯಸ್ಸು ತಿಳಿಯಲು ತುಟಿ ಬಿಡಿಸಿದರು. ಅದು ಹೆಬ್ಬೆರಳನ್ನು ಕಚ್ಚಿ ಹಿಡಿಯಿತು.

"ಎಷ್ಟು ಹಲ್ಲಂತೆ ಮಾವಾ?" ಎಂದ ಗೋಪಾಲಪ್ಪ.

"ನಿಮ್ಮಕ್ಕನ ಮುಖ ನೋಡಿ ಸುಮ್ನಿವ್ನಿ ಕಣಯ್ಯಾ. ನಾಲ್ಕನ್ನೂ ಎತ್ಕೊಂಡು ನಡಿ."

ಸಪ್ಪಲಮ್ಮನ ಕಣ್ಣು ತುಂಬಿತು. ನಾನು ಮಾವನ ಬೆರಳಿಗೆ ಅರಿಶಿನ ಒತ್ತುತ್ತಾ, "ಮಲಗಿದ್ದಾಗ ಬಾಯಿಗೆ ಕೈ ಹಾಕಿದ್ರೆ ಯಾರು ಸುಮ್ನಿರ್ತಾರೆ ಮಾವಾ? ಬಸ್ಸು ಬರೋವರ್ಗೂ ಮಗು ನೋಡ್ಲಿ," ಅಂದೆ. ಅವರು ಬೆರಳು ನೀವಿಕೊಳ್ಳುತ್ತಾ ಬುಟ್ಟಿ ಬಿಟ್ಟು ಪಕ್ಕಕ್ಕೆ ಸರಿದರು.

ಅವಳು ಬುಟ್ಟಿಯೊಳಗೆ ಅಂಗೈ ಬಿಚ್ಚಿಟ್ಟು ಕುಳಿತಳು. ಯಾವುದನ್ನೂ ಮುಟ್ಟಲಿಲ್ಲ. ನಾನು ರಾಗಿ ಕೇರಿದೆ, ಕೊಟ್ಟಿಗೆ ಗುಡಿಸಿದೆ, ಒಲೆ ಹಚ್ಚಿದೆ. ಕೈ ಅಲ್ಲೇ ಇತ್ತು. ಹೊತ್ತು ಇಳಿದಾಗ ಅವು ಎದ್ದವು. ಒಂದು ಮೂಲೆಗೆ ಓಡಿತು, ಇನ್ನೊಂದು ಹಿಂಗಾಲಲ್ಲಿ ನಿಂತು ಕಿರುಚಿತು, ಮಾವನನ್ನು ಕಚ್ಚಿದ್ದು ಬುಟ್ಟಿಯನ್ನೇ ಕಡಿಯತೊಡಗಿತು. ಕಿವಿ ಹರಿದಿದ್ದ ಸಣ್ಣದೊಂದು ಮಾತ್ರ ಅವಳ ಬೆರಳುಗಳನ್ನು ಒಂದೊಂದಾಗಿ ಮೂಸಿ, ಅಂಗೈ ಹತ್ತಿ ಕುಳಿತು ಮುಖ ಉಜ್ಜಿಕೊಂಡಿತು.

"ಇದು," ಎಂದಳು.

"ಕಿವಿ ಹರಿದೈತಲ್ಲವ್ವಾ," ಎಂದರು ಮಾವ.

"ಹರಿದಿರ್ಲಿ ತಾತ. ನೀನು ಬೆರಳು ಕೊಡು."

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಮಾವ ಅನುಮಾನಿಸುತ್ತಲೇ ಬೆರಳು ಚಾಚಿದರು. ಅದು ಮೂಸಿತು, ಆಮೇಲೆ ಮುಂಗಾಲುಗಳೆರಡನ್ನೂ ಬೆರಳಿನ ಮೇಲಿಟ್ಟು ಸುಮ್ಮನೆ ಕುಳಿತಿತು.

ಮಾವ ನಕ್ಕುಬಿಟ್ಟರು.

ಗೋಪಾಲಪ್ಪ ಮೂರನ್ನು ಹೊತ್ತು ಬಸ್ಸಿಗೆ ಓಡಿದ. ಸಪ್ಪಲಮ್ಮ ಮರಿಯನ್ನು ಎದೆಗವಚಿಕೊಂಡು ಬೀದಿಗಿಳಿದಳು. ಅವಳ ಮುಂದೆ ಮಾವ, ಟವೆಲ್ಲು ಬೀಸುತ್ತಾ: "ದಾರಿ ಬಿಡ್ರಲಾ, ನಾಯಿ ಹಿಡ್ಕೊಳ್ರಲಾ, ನಮ್ಮ ಸಪ್ಪಲಮ್ಮ ಬರ್ತಾವ್ಳೆ."

ಒಲೆಯ ಮೇಲೆ ಮುದ್ದೆಗಿಟ್ಟ ಎಸರು ಕುದಿಯುತ್ತಿತ್ತು. ಸೌದೆ ಹಿಂದಕ್ಕೆಳೆದು ನಾನೂ ಅವರ ಹಿಂದೆ ಹೊರಟೆ.